ಸುಳ್ಳು ಲೆಕ್ಕ ಮತ್ತು ಕಳ್ಳ ವಸೂಲಿ: ರೈತರೂ ಗ್ರಾಮದ ಮುಖಂಡರೂ ತಿಳಿಯತಕ್ಕ ವಿಷಯಗಳು

ಪೈರಿಗೆ ತಗಲುವ ರೋಗಗಳೂ ಹುಳುಗಳೂ ಯಾವ ಕಾಲದಲ್ಲಿ ಬರುತ್ತವೆ, ಅವುಗಳ ಲಕ್ಷಣವೇನು, ತಡೆಯುವ ಉಪಾಯವೇನು ಎಂಬುದನ್ನು ರೈತರು ಬಹಳ ಮಟ್ಟಿಗೆ ಬಲ್ಲರು. ಆದರೆ ಪೈರು ಕಣಕ್ಕೆ ಬಂದು, ಧಾನ್ಯವು ಮಾರಾಟವಾಗಿ, ಹಣವು ಕೈಸೇರಿದ ಮೇಲೆ ಮನೆಯ ಬಾಗಿಲಿಗೆ ಬರತಕ್ಕ ಕೇಡು ಒಂದುಂಟು. ಸಲ್ಲದ ಸಾಲವನ್ನು ಸಲ್ಲತಕ್ಕದ್ದೆಂದು ಸಾಧಿಸಿ, ತೀರಿದ ಬಾಕಿಯನ್ನು ತೀರದಿದ್ದುದೆಂದು ಹೇಳಿ, ಕೊಳ್ಳದ ಸಾಮಾನಿಗೆ ಬಿಲ್ಲು ಬರೆದು ಹಣವನ್ನೆಳೆಯುವವರ ಹಾವಳಿಯೇ ಅದು. ಒಂದು ವರ್ಷದ ಬೆಳೆಯನ್ನು ಹುಳು ತಿಂದರೆ ಮರುವರ್ಷ ಬೆಳೆ ಬಂದೀತು. ಒಂದು ಸುಳ್ಳು ಪತ್ರದಿಂದ ಭೂಮಿಯೇ ಕೈಬಿಟ್ಟರೆ ಆ ಮನೆತನವು ತಲೆಯೆತ್ತುವುದು ಕಷ್ಟ.

ಪ್ರಾರಂಭದಲ್ಲಿಯೇ ಒಂದು ಮಾತನ್ನು ಸ್ಪಷ್ಟಪಡಿಸುವುದು ಯುಕ್ತ. ನಿಜವಾಗಿ ಪಡೆದ ಸಾಲವನ್ನು ನ್ಯಾಯವಾದ ಬಡ್ಡಿಯೊಡನೆ ತೀರಿಸತಕ್ಕದ್ದು ಧರ್ಮವೂ ಹೌದು, ಕಾಯಿದೆಯೂ ಹೌದು. ಬ್ಯಾಂಕು, ಸಹಕಾರ ಸಂಘ, ಪರವಾನಗಿಯುಳ್ಳ ಲೇವಾದೇವಿಗಾರ ಇವರ ಹಣವನ್ನು ಮುಳುಗಿಸಲು ಉಪಾಯ ಹೇಳುವುದು ಇಲ್ಲಿನ ಉದ್ದೇಶವಲ್ಲ. ಸಾಲವಿಲ್ಲದ ಕಡೆ ಸಾಲವನ್ನು ಹುಟ್ಟಿಸುವವರನ್ನೂ, ನೂರು ಸಲ್ಲಬೇಕಾದ ಕಡೆ ಮುನ್ನೂರು ಕೇಳುವವರನ್ನೂ ಗುರುತಿಸುವುದು ಹೇಗೆ, ಎದುರಿಸುವುದು ಹೇಗೆ ಎಂಬುದಷ್ಟೇ ಪ್ರಕೃತ ವಿಷಯ.

ಹಿಂದಿನ ಕಾಲದ ಒಂದು ಪಾಠ

1875ನೆಯ ಇಸವಿ ಮೇ ತಿಂಗಳ 12ನೆಯ ತಾರೀಖು ಪುಣೆ ಜಿಲ್ಲೆಯ ಸೂಪೆ ಎಂಬ ಗ್ರಾಮದಲ್ಲಿ ಸಂತೆ ಸೇರಿದ್ದಾಗ, ಸುತ್ತಲಿನ ರೈತರು ಗುಂಪುಗೂಡಿ ಸಾಹುಕಾರರ ಮನೆ ಅಂಗಡಿಗಳ ಮೇಲೆ ಬಿದ್ದರು. ಈ ದಂಗೆಯು ಪುಣೆ ಮತ್ತು ಅಹಮದನಗರ ಜಿಲ್ಲೆಗಳ ಅನೇಕ ಗ್ರಾಮಗಳಿಗೆ ಹಬ್ಬಿತು. ದಂಗೆಯೆದ್ದವರು ಮುಖ್ಯವಾಗಿ ಹುಡುಕಿದ್ದು ಸಾಲದ ಪತ್ರಗಳನ್ನು. ದೊರೆತ ಪತ್ರಗಳನ್ನು ಬೀದಿಯಲ್ಲಿ ಸುಟ್ಟರು. ಪತ್ರಗಳನ್ನು ಒಪ್ಪಿಸಿದ ಸಾಹುಕಾರರ ಗೋಜಿಗೆ ಹೆಚ್ಚಾಗಿ ಹೋಗಲಿಲ್ಲ. ಸರ್ಕಾರವು ನೇಮಿಸಿದ ಆಯೋಗವು ವಿಚಾರಣೆ ಮಾಡಿದಾಗ ಹೊರಬಿದ್ದ ಸಂಗತಿಗಳು ಇಂದಿಗೂ ಗಮನಿಸತಕ್ಕವು. ರೈತರು ಕೊಟ್ಟ ಹಣಕ್ಕೆ ರಸೀತಿಯಿಲ್ಲ. ಪತ್ರದಲ್ಲಿ ಬರೆದ ಮೊಬಲಗು ಒಂದು, ಕೈಗೆ ಬಂದ ಮೊಬಲಗು ಮತ್ತೊಂದು. ಓದಲು ಬಾರದವರು ಏನನ್ನು ಬರೆದಿದೆಯೆಂದು ತಿಳಿಯದೆ ಹೆಬ್ಬೆಟ್ಟು ಒತ್ತಿದ್ದರು.

ಇದಕ್ಕೆ ಮೊದಲು 1859ರಲ್ಲಿ ವಾಯಿದೆಯ ಕಾಯಿದೆಯೊಂದು ಬಂದು, ಸಾಲದ ಪತ್ರಕ್ಕೆ ಮೂರೇ ವರ್ಷ ಆಯುಸ್ಸೆಂದು ಗೊತ್ತುಪಡಿಸಿತ್ತು. ಬಡ್ಡಿಯು ಬಹುಕಾಲ ಬೆಳೆಯದಂತೆ ತಡೆಯುವುದು ಅದರ ಉದ್ದೇಶ. ನಡೆದುದು ಬೇರೆ. ಮೂರು ವರ್ಷ ತುಂಬುವ ಹೊತ್ತಿಗೆ ಸಾಹುಕಾರನು ಬಡ್ಡಿಯನ್ನೆಲ್ಲ ಅಸಲಿಗೆ ಸೇರಿಸಿ ಹೊಸ ಪತ್ರ ಬರೆಯಿಸಿಕೊಳ್ಳುತ್ತಿದ್ದನು; ಆ ಹೊಸ ಮೊಬಲಗಿನ ಮೇಲೆ ಪುನಃ ಬಡ್ಡಿ ಓಡುತ್ತಿತ್ತು. ರೈತನ ಹಿತಕ್ಕಾಗಿ ಮಾಡಿದ ಕಾಯಿದೆಯು ರೈತನಿಗೇ ಉರುಳಾಯಿತು. ಕಾರಣವಿಷ್ಟೇ: ಕಾಗದಗಳೆಲ್ಲವೂ ಒಂದೇ ಪಕ್ಷದ ಕೈಯಲ್ಲಿದ್ದವು.

ಆದಕಾರಣ 1879ರ ದಖ್ಖಣ ರೈತರ ಪರಿಹಾರ ಕಾಯಿದೆಯಲ್ಲಿ, ಕೋರ್ಟು ಪತ್ರವನ್ನು ಮಾತ್ರ ನೋಡದೆ ವ್ಯವಹಾರದ ಮೂಲದಿಂದ ಲೆಕ್ಕವನ್ನು ವಿಚಾರಿಸಬೇಕೆಂದೂ, ಹಣ ಕೊಟ್ಟ ರೈತನಿಗೆ ರಸೀತಿಯೂ ಲೆಕ್ಕದ ವಿವರವೂ ಸಲ್ಲಬೇಕೆಂದೂ ವಿಧಿಸಲಾಯಿತು. ಈ ಕಾಯಿದೆಯ ವಿಧಿಗಳು ಕಾಲಕ್ರಮದಲ್ಲಿ ಮುಂಬಯಿ ಆಧಿಪತ್ಯದ ಇತರ ಜಿಲ್ಲೆಗಳಿಗೂ ವಿಸ್ತರಿಸಲ್ಪಟ್ಟವು. ಮೈಸೂರು ಸಂಸ್ಥಾನದಲ್ಲಿಯೂ 1928ರಲ್ಲಿ ರೈತರ ಪರಿಹಾರಕ್ಕಾಗಿ ಕಾಯಿದೆಯೊಂದು ಬಂದಿತು. ಪತ್ರಗಳನ್ನು ಸುಟ್ಟ ರೈತರಲ್ಲಿ ಅನೇಕರು ಸೆರೆಮನೆಗೆ ಹೋದರು. ಆಮೇಲಿನವರಿಗೆ ನೆರವಾದುದು ಬೆಂಕಿಯಲ್ಲ, ರಸೀತಿ. ಎದುರಾಳಿಯ ಕಾಗದಕ್ಕೆ ಉತ್ತರ ಕೊಡತಕ್ಕದ್ದು ತನ್ನ ಮನೆಯ ಕಾಗದವೇ ಎಂಬುದು ಇದರ ಸಾರ.

ವಂಚನೆಯ ಬಗೆಗಳು

ಈಗ ನಡೆಯುವ ಮೋಸಗಳು ಹೊಸ ವೇಷದಲ್ಲಿದ್ದರೂ ಅವುಗಳ ಬಗೆಗಳು ಕೆಲವೇ.

1. ಅಸಲನ್ನು ಹಿಗ್ಗಿಸುವುದು. ಉದಾಹರಣೆಗೆ, ಒಬ್ಬ ರೈತನು 50,000 ರೂಪಾಯಿಗೆ ಪ್ರೋನೋಟು ಬರೆದುಕೊಟ್ಟನೆಂದು ಇಟ್ಟುಕೊಳ್ಳೋಣ. ಖರ್ಚು, ಮುಂಗಡ ಬಡ್ಡಿ ಎಂದು 5,000 ರೂಪಾಯಿ ಮುರಿದುಕೊಂಡು ಕೈಗೆ ಕೊಟ್ಟದ್ದು 45,000 ರೂಪಾಯಿ. ಬಡ್ಡಿ ನೂರಕ್ಕೆ ತಿಂಗಳಿಗೆ 3 ರೂಪಾಯಿ. ಕೇಳುವುದಕ್ಕೆ ಮೂರೇ ರೂಪಾಯಿ. ಆದರೆ ತಿಂಗಳಿಗೆ 1,500, ವರ್ಷಕ್ಕೆ 18,000 ರೂಪಾಯಿ ಆಗುತ್ತದೆ. ಕೈಗೆ ಬಂದ ಹಣದ ಮೇಲೆ ಲೆಕ್ಕ ಹಾಕಿದರೆ ಇದು ವರ್ಷಕ್ಕೆ ನೂರಕ್ಕೆ 40 ರೂಪಾಯಿಯ ಬಡ್ಡಿ. ಕರ್ನಾಟಕದಲ್ಲಿ ಪರವಾನಗಿಯುಳ್ಳ ಲೇವಾದೇವಿಗಾರರಿಗೆ ಸರ್ಕಾರವು ಗೊತ್ತುಪಡಿಸಿದ ಮಿತಿಯು ಆಧಾರವಿದ್ದ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 14, ಆಧಾರವಿಲ್ಲದ ಸಾಲಕ್ಕೆ 16. ತಿಂಗಳ ಬಡ್ಡಿಯನ್ನು ಹನ್ನೆರಡರಿಂದ ಗುಣಿಸಿ ನೋಡುವ ಅಭ್ಯಾಸವೊಂದಿದ್ದರೆ ಅರ್ಧ ಮೋಸವು ಅಲ್ಲಿಯೇ ಬಯಲಾಗುವುದು.

2. ತೀರಿದ ಸಾಲವನ್ನು ಪುನಃ ಎಬ್ಬಿಸುವುದು. ಹಣ ತೀರಿಸಿದ ರೈತನು ಪತ್ರವನ್ನು ಹಿಂದಕ್ಕೆ ಪಡೆಯುವುದಿಲ್ಲ. “ಪತ್ರ ಪಟ್ಟಣದಲ್ಲಿದೆ, ಹುಡುಕಿ ಕೊಡುತ್ತೇನೆ” ಎಂಬ ಮಾತನ್ನು ನಂಬಿ ಸುಮ್ಮನಾಗುತ್ತಾನೆ. ಎರಡು ವರ್ಷದ ಮೇಲೆ ಅದೇ ಪತ್ರವು ಮತ್ತೊಬ್ಬನ ಕೈಯಲ್ಲಿ ಕಾಣಿಸಿಕೊಳ್ಳುತ್ತದೆ.

3. ಖಾಲಿ ಕಾಗದ ಮತ್ತು ಖಾಲಿ ಚೆಕ್ಕು. ಎಲ್ಲಕ್ಕಿಂತ ಅಪಾಯಕರವಾದುದು ಇದು. 1881ರ ವರ್ಗಾವಣೀಯ ಪತ್ರಗಳ ಕಾಯಿದೆಯ 20ನೆಯ ಪ್ರಕರಣದಂತೆ, ರುಜು ಹಾಕಿದ ಅಪೂರ್ಣ ಛಾಪಾ ಪತ್ರವನ್ನು ಕೊಟ್ಟವನು ಅದನ್ನು ತುಂಬಿಕೊಳ್ಳಲು ಅಧಿಕಾರ ಕೊಟ್ಟಂತೆಯೇ ಎಣಿಸಲಾಗುತ್ತದೆ. ಸ್ವಇಚ್ಛೆಯಿಂದ ರುಜು ಹಾಕಿ ಕೊಟ್ಟ ಖಾಲಿ ಚೆಕ್ಕನ್ನು ಬೇರೊಬ್ಬರು ತುಂಬಿದ್ದರೂ ಅದು ಸಲ್ಲತಕ್ಕ ಹಣಕ್ಕಾಗಿ ಕೊಟ್ಟದ್ದೆಂದೇ ಮೊದಲು ಭಾವಿಸತಕ್ಕದ್ದೆಂದು ಸುಪ್ರೀಂ ಕೋರ್ಟು 2019ರಲ್ಲಿ ತೀರ್ಪಿತ್ತಿದೆ. ಹಾಗಲ್ಲವೆಂದು ತೋರಿಸುವ ಹೊಣೆಯು ರುಜು ಹಾಕಿದವನದು. “ಭದ್ರತೆಗಾಗಿ ಮಾತ್ರ ಇಟ್ಟುಕೊಂಡಿರುತ್ತೇವೆ” ಎಂಬ ಬಾಯಿಮಾತು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

4. ಸತ್ತವರ ಹೆಸರಿನ ಸಾಲ. ಮನೆಯ ಯಜಮಾನನು ತೀರಿಕೊಂಡ ಕೆಲವು ದಿನಗಳಲ್ಲಿಯೇ, ದುಃಖದಲ್ಲಿರುವ ಹೆಂಗಸರ ಮುಂದೆ ಒಂದು ಚೀಟಿಯನ್ನಿಟ್ಟು, “ಯಜಮಾನರು ಪಡೆದದ್ದು, ಋಣ ಉಳಿಸಿದರೆ ಅವರಿಗೆ ಸದ್ಗತಿಯಿಲ್ಲ” ಎಂದು ಹೇಳುವವರುಂಟು. ಈ ಮಾತಿಗೆ ಅಂಜಿ ಮಗನು ತನ್ನ ಹೆಸರಿಗೆ ಹೊಸ ಪತ್ರ ಬರೆದುಕೊಟ್ಟರೆ, ಅಲ್ಲಿಯವರೆಗೆ ಇಲ್ಲದಿದ್ದ ಸಾಲವು ಆ ಗಳಿಗೆಯಲ್ಲಿ ಹುಟ್ಟಿದಂತಾಗುತ್ತದೆ. ವಾರಸುದಾರರು ಸತ್ತವರಿಂದ ತಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಅವರ ನಿಜವಾದ ಸಾಲಕ್ಕೆ ಹೊಣೆ. ತಂದೆಯ ಋಣವನ್ನು ಧರ್ಮಬಂಧನದಿಂದಲೇ ಮಗನು ತೀರಿಸಬೇಕೆಂಬ ಹಿಂದೂ ನ್ಯಾಯದ ಹಳೆಯ ನಿಯಮವು, 2005ನೆಯ ಇಸವಿಯ ತಿದ್ದುಪಡಿಯ ತರುವಾಯ ಮಾಡಿದ ಸಾಲಗಳಿಗೆ ಅನ್ವಯಿಸದು.

5. ಅಧಿಕಾರದ ವೇಷ. ಬ್ಯಾಂಕಿನವರು, ಕೋರ್ಟಿನವರು, ಪೊಲೀಸಿನವರು ಎಂದು ಹೇಳಿಕೊಂಡು ಮನೆಗೆ ಬರುವುದು ಅಥವಾ ದೂರವಾಣಿಯಲ್ಲಿ ಹೆದರಿಸುವುದು. ಮೊಬೈಲಿನ ಮೂಲಕ ಸಣ್ಣ ಸಾಲ ಕೊಟ್ಟು, ಫೋನಿನಲ್ಲಿರುವ ಹೆಸರು ಚಿತ್ರಗಳನ್ನೆಲ್ಲ ಎಳೆದುಕೊಂಡು, ನೆಂಟರಿಗೆಲ್ಲ ಕಳುಹಿಸುತ್ತೇವೆಂದು ಬೆದರಿಸುವುದೂ ಇದೇ ಜಾತಿಯದು. “ಈಗಲೇ, ಈ ಗಳಿಗೆಯಲ್ಲಿಯೇ ಹಣ ಕಳುಹಿಸಬೇಕು; ಯಾರಿಗೂ ಹೇಳಬಾರದು” ಎಂಬ ಎರಡು ಮಾತುಗಳು ಕೂಡಿ ಬಂದವೆಂದರೆ ಅದು ಮೋಸವೆಂದೇ ತಿಳಿಯತಕ್ಕದ್ದು. ನಿಜವಾದ ಬಾಕಿಯು ಒಂದು ದಿನ ಕಾದರೆ ಕರಗಿಹೋಗುವುದಿಲ್ಲ.

ವಸೂಲಿದಾರನು ಬಾಗಿಲಿಗೆ ಬಂದಾಗ

ಬಂದವನೊಡನೆ ಜಗಳವಾಡುವುದೂ ಬೇಡ, ಹೆದರಿ ಹಣ ಕೊಡುವುದೂ ಬೇಡ. ಮೊದಲು ಅವನು ಯಾರೆಂದು ಕೇಳಬೇಕು. ರಿಜರ್ವ್ ಬ್ಯಾಂಕಿನ ನಿಯಮದಂತೆ ಬ್ಯಾಂಕುಗಳ ವಸೂಲಿ ಏಜೆಂಟನು ಗುರುತಿನ ಚೀಟಿಯನ್ನೂ, ಬ್ಯಾಂಕು ಕೊಟ್ಟ ಅಧಿಕಾರಪತ್ರವನ್ನೂ, ನೋಟೀಸಿನ ಪ್ರತಿಯನ್ನೂ ತನ್ನೊಡನೆ ತರಬೇಕು. ಇವುಗಳನ್ನು ತೋರಿಸದವನಿಗೆ ಒಂದು ಕಾಸನ್ನೂ ಕೊಡಬೇಕಾಗಿಲ್ಲ.

ಎರಡನೆಯದಾಗಿ, ಲೆಕ್ಕವನ್ನು ಬರೆವಣಿಗೆಯಲ್ಲಿ ಕೇಳಬೇಕು: ಸಾಲ ಯಾವ ದಿನದ್ದು, ಅಸಲು ಎಷ್ಟು, ಬಡ್ಡಿ ಯಾವ ದರದಲ್ಲಿ, ಈವರೆಗೆ ಸಂದಾಯವಾದ ಹಣವೆಷ್ಟು, ಉಳಿದ ಬಾಕಿ ಎಷ್ಟು. ಮೂಲಪತ್ರವನ್ನು ತೋರಿಸುವಂತೆ ಕೇಳುವುದೂ ನ್ಯಾಯ. ಪತ್ರವನ್ನು ನೋಡುವಾಗ ಮೊಬಲಗನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಒಂದೇ ರೀತಿ ಬರೆದಿದೆಯೇ, ಅಂಕಿಯ ಹಿಂದೆ ಮುಂದೆ ಹೊಸದಾಗಿ ಸೇರಿಸಿದ ಗುರುತಿದೆಯೇ, ಮಸಿಯು ಒಂದೇ ಬಗೆಯದೇ ಎಂಬುದನ್ನು ಗಮನಿಸಬೇಕು. ಹಳೆಯ ಛಾಪಾ ಕಾಗದವಾದರೆ ಅದರ ಹಿಂಬದಿಯಲ್ಲಿ ಮಾರಿದ ದಿನವನ್ನೂ ಕೊಂಡವನ ಹೆಸರನ್ನೂ ಬರೆದಿರುತ್ತದೆ. ಕಾಗದ ಮಾರಾಟವಾದ ದಿನಕ್ಕಿಂತ ಮುಂಚಿನ ತಾರೀಖಿನಲ್ಲಿ ಪತ್ರ ಬರೆದಿದ್ದರೆ ಆ ಪತ್ರದ ಬಣ್ಣ ಬಯಲಾದಂತೆಯೇ. ಮೂಲಪತ್ರದ ಛಾಯಾಚಿತ್ರವನ್ನು ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಮೂರನೆಯದಾಗಿ, ಅವನ ಮುಂದೆ ಯಾವ ಕಾಗದಕ್ಕೂ ರುಜು ಹಾಕಕೂಡದು. “ಬಂದುಹೋದ ಗುರುತಿಗೆ” ಎಂದರೂ ಹಾಕಕೂಡದು. ಇದಕ್ಕೆ ಬಲವಾದ ಕಾರಣವುಂಟು. ಕೇಳಿದಾಗ ಕೊಡತಕ್ಕ ಪ್ರೋನೋಟಿನ ಮೇಲೆ ದಾವಾ ಹೂಡಲು ಅದರ ತಾರೀಖಿನಿಂದ ಮೂರು ವರ್ಷ ಅವಧಿ. ಅವಧಿಯೊಳಗೆ ಸಾಲಗಾರನು ಬಾಕಿಯನ್ನು ಒಪ್ಪಿ ರುಜು ಹಾಕಿದರೆ, 1963ರ ವಾಯಿದೆ ಕಾಯಿದೆಯಂತೆ ಆ ದಿನದಿಂದ ಪುನಃ ಮೂರು ವರ್ಷ ಎಣಿಕೆಯಾಗುತ್ತದೆ. ಅವಧಿ ಮೀರಿದ ಸಾಲವನ್ನು ಸಹ ಕೊಡುತ್ತೇನೆಂದು ಬರೆದು ರುಜು ಹಾಕಿದರೆ ಅದು ಹೊಸ ಕರಾರಾಗಿ ನಿಲ್ಲುತ್ತದೆ. ಅಡಮಾನದ ಸಾಲಕ್ಕೆ ಅವಧಿಯು ಹನ್ನೆರಡು ವರ್ಷವೆಂಬುದನ್ನೂ ಇಲ್ಲಿ ತಿಳಿದಿರಬೇಕು.

ಹೊತ್ತಿಗೂ ನಿಯಮವುಂಟು. ಬಾಕಿಗಾಗಿ ಬೆಳಿಗ್ಗೆ 8 ಗಂಟೆಗೆ ಮೊದಲು, ಸಂಜೆ 7 ಗಂಟೆಯ ಮೇಲೆ ಸಾಲಗಾರರಿಗೆ ಕರೆ ಮಾಡಕೂಡದೆಂದು ರಿಜರ್ವ್ ಬ್ಯಾಂಕು 2022ರ ಆಗಸ್ಟ್ ತಿಂಗಳಲ್ಲಿ ಬ್ಯಾಂಕುಗಳಿಗೂ ಹಣಕಾಸು ಸಂಸ್ಥೆಗಳಿಗೂ ತಿಳಿಸಿತು. ಕಿರುಸಾಲಗಳಿಗೆ ಅದೇ ವರ್ಷದ ಮಾರ್ಚ್ ತಿಂಗಳ ನಿರ್ದೇಶನಗಳಲ್ಲಿ ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಎಂದು ಗೊತ್ತುಪಡಿಸಲಾಯಿತು. ವರ್ಷಕ್ಕೆ 3 ಲಕ್ಷ ರೂಪಾಯಿಗಳವರೆಗೆ ಆದಾಯವುಳ್ಳ ಕುಟುಂಬಗಳಿಗೆ ಕೊಡುವ ಕಿರುಸಾಲವು ಆಧಾರವಿಲ್ಲದ್ದಾಗಿರಬೇಕೆಂದೂ, ಕಂತುಗಳನ್ನು ಗೊತ್ತಾದ ಸ್ಥಳದಲ್ಲಿಯೇ ವಸೂಲು ಮಾಡಬೇಕೆಂದೂ, ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಸಾಲದ ಕಾರ್ಡನ್ನು ಕೊಟ್ಟು ಪ್ರತಿ ಕಂತನ್ನೂ ಅದರಲ್ಲಿ ನಮೂದಿಸಬೇಕೆಂದೂ ಆ ನಿರ್ದೇಶನಗಳು ಹೇಳುತ್ತವೆ. ಕಿರುಸಾಲಕ್ಕೆ ಪಹಣಿಯನ್ನೋ ಕ್ರಯಪತ್ರವನ್ನೋ ಒತ್ತೆಯಾಗಿ ಕೇಳುವವನು ನಿಯಮವನ್ನು ಮೀರಿ ನಡೆಯುವವನು.

ಜಪ್ತಿಯ ಬೆದರಿಕೆ

“ನಾಳೆ ಬಂದು ಎತ್ತು, ಪಂಪು, ಪಾತ್ರೆಗಳನ್ನೆಲ್ಲ ಹೊತ್ತುಕೊಂಡು ಹೋಗುತ್ತೇವೆ” ಎಂಬ ಬೆದರಿಕೆಗೆ ಹೆದರಿ ಹಣ ಕೊಡುವವರು ಬಹಳ ಮಂದಿ. ಕೈಸಾಲಕ್ಕಾಗಿ ಜಪ್ತಿ ಮಾಡುವ ಅಧಿಕಾರವು ಕೋರ್ಟಿಗೆ ಉಂಟೇ ಹೊರತು ಸಾಹುಕಾರನಿಗಾಗಲಿ ಅವನ ಆಳಿಗಾಗಲಿ ಇಲ್ಲ. ದಾವಾ ಹೂಡಿ, ಡಿಕ್ರಿ ಪಡೆದು, ಅದನ್ನು ಜಾರಿ ಮಾಡಿಸಿ, ಕೋರ್ಟಿನ ಅಮೀನನು ವಾರಂಟಿನೊಡನೆ ಬರಬೇಕು. ಸೂರ್ಯಾಸ್ತವಾದ ಮೇಲೂ ಸೂರ್ಯೋದಯಕ್ಕೆ ಮೊದಲೂ ಅವನು ಸಹ ಜಪ್ತಿಗಾಗಿ ವಾಸದ ಮನೆಯನ್ನು ಪ್ರವೇಶಿಸಕೂಡದು. ರೈತನ ಜೀವನೋಪಾಯಕ್ಕೆ ಅವಶ್ಯವೆಂದು ಕೋರ್ಟಿಗೆ ತೋರುವ ಬೇಸಾಯದ ಉಪಕರಣಗಳು, ದನಗಳು, ಬಿತ್ತನೆಯ ಬೀಜ ಇವುಗಳೂ, ರೈತನು ವಾಸಿಸುವ ಅವನ ಸ್ವಂತ ಮನೆಯೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಪ್ರಕರಣದಂತೆ ಜಪ್ತಿಗೆ ಒಳಪಡುವುದಿಲ್ಲ. ಅಡಮಾನ ಮಾಡಿದ ಸ್ವತ್ತಿನ ವಿಷಯ ಬೇರೆ. ಟ್ರಾಕ್ಟರು ಮುಂತಾದುವನ್ನು ಸಾಲದ ಮೇಲೆ ಕೊಂಡಿದ್ದರೆ ಕರಾರಿನ ಷರತ್ತುಗಳನ್ನು ನೋಡಬೇಕು. ಆದರೂ ಗೂಂಡಾಗಳನ್ನು ಕಳುಹಿಸಿ ವಾಹನಗಳನ್ನು ಕಸಿಯುವ ಪದ್ಧತಿಯನ್ನು ಸುಪ್ರೀಂ ಕೋರ್ಟು 2007ರಲ್ಲಿ ಖಂಡಿಸಿದೆ.

ಕೋರ್ಟಿಗೆ ಹೋಗದೆಯೇ ಆಧಾರದ ಸ್ವತ್ತನ್ನು ಬ್ಯಾಂಕುಗಳು ವಶಪಡಿಸಿಕೊಳ್ಳಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯಿದೆಯ ಹೆಸರನ್ನು ಹೇಳಿ ಹೆದರಿಸುವುದೂ ಉಂಟು. ಆ ಕಾಯಿದೆಯು ಕೃಷಿಭೂಮಿಯ ಮೇಲಿನ ಆಧಾರಕ್ಕೆ ಅನ್ವಯಿಸುವುದಿಲ್ಲವೆಂದು ಅದರ 31ನೆಯ ಪ್ರಕರಣದಲ್ಲಿಯೇ ಹೇಳಿದೆ. ಬ್ಯಾಂಕುಗಳಿಗೂ ಸಹಕಾರ ಸಂಘಗಳಿಗೂ ಬೇರೆ ಕಾಯಿದೆಗಳ ಮೂಲಕ ವಸೂಲಿಯ ಮಾರ್ಗವುಂಟು; ಆದರೆ ಅವೆಲ್ಲವೂ ನೋಟೀಸು ಮತ್ತು ವಿಚಾರಣೆಯ ಮಾರ್ಗಗಳೇ.

ಇದಕ್ಕೆ ಪ್ರತಿಯಾಗಿ, ಕೋರ್ಟಿನಿಂದ ನಿಜವಾದ ಸಮನ್ಸು ಬಂದರೆ ಅದನ್ನು ಎಂದಿಗೂ ಉದಾಸೀನ ಮಾಡಕೂಡದು. “ಸಾಲವೇ ಇಲ್ಲ, ನಾನೇಕೆ ಹೋಗಲಿ?” ಎಂದು ಮನೆಯಲ್ಲಿ ಕುಳಿತವನ ಮೇಲೆ ಏಕಪಕ್ಷೀಯ ಡಿಕ್ರಿಯಾಗಿ, ಸುಳ್ಳು ಪತ್ರಕ್ಕೆ ಕೋರ್ಟಿನ ಮುದ್ರೆಯೇ ಬಿದ್ದಂತಾಗುತ್ತದೆ. ಅಂಥ ಡಿಕ್ರಿಯನ್ನು ತೆಗೆದುಹಾಕಲು ಅರ್ಜಿ ಕೊಡುವುದಕ್ಕೆ ಇರುವ ಅವಧಿಯು 30 ದಿನ ಮಾತ್ರ. ಸಮನ್ಸು ಸರಿಯಾಗಿ ಜಾರಿಯಾಗಿಲ್ಲದಿದ್ದರೆ ಡಿಕ್ರಿಯ ಸಂಗತಿ ತಿಳಿದ ದಿನದಿಂದ ಎಣಿಕೆ. ಜಮೀನು ಜಪ್ತಿಗೆ ಒಳಪಡತಕ್ಕ ಸ್ವತ್ತೇ ಆದುದರಿಂದ ಈ ವಿಷಯದಲ್ಲಿ ಆಲಸ್ಯವು ಸಲ್ಲದು. ವಕೀಲರಿಗೆ ಕೊಡಲು ಹಣವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. 1987ರ ಕಾಯಿದೆಯಂತೆ ಹೆಂಗಸರು, ಪರಿಶಿಷ್ಟ ಜಾತಿ ಪಂಗಡಗಳವರು, ಅನಾವೃಷ್ಟಿ ಅಥವಾ ನೆರೆಯಿಂದ ನೊಂದವರು, ಕಡಿಮೆ ಆದಾಯದವರು ಉಚಿತ ನೆರವಿಗೆ ಅರ್ಹರು. ಇದಕ್ಕೆ ದೂರವಾಣಿ ಸಂಖ್ಯೆ 15100.

ಸುಳ್ಳು ಬಿಲ್ಲುಗಳು

ಗೊಬ್ಬರ, ಬೀಜ, ಔಷಧಿಗಳ ಅಂಗಡಿಗಳಲ್ಲಿ ಉದ್ರಿ ತರುವ ರೈತರು ಸುಗ್ಗಿಯಲ್ಲಿ ಲೆಕ್ಕ ಮಾಡುವಾಗ, ತಾವು ತಂದುದಕ್ಕಿಂತ ಹೆಚ್ಚಿನ ಮೊಬಲಗನ್ನು ಅಂಗಡಿಯ ಪುಸ್ತಕದಲ್ಲಿ ಕಾಣುವುದುಂಟು. ಮುಂಗಾರಿನಲ್ಲಿ ತಂದ ಚೀಲಗಳೆಷ್ಟೆಂಬುದನ್ನು ಸುಗ್ಗಿಯ ಹೊತ್ತಿಗೆ ಬಾಯಲೆಕ್ಕದಲ್ಲಿ ಸಾಧಿಸುವುದು ಯಾರಿಂದಲೂ ಆಗದು. 1985ರ ರಸಗೊಬ್ಬರ ನಿಯಂತ್ರಣ ಆದೇಶದಂತೆ ವ್ಯಾಪಾರಿಯು, ನಗದಾಗಲಿ ಉದ್ರಿಯಾಗಲಿ, ಪ್ರತಿ ಮಾರಾಟಕ್ಕೂ ಗೊತ್ತಾದ ನಮೂನೆಯಲ್ಲಿ ಬಿಲ್ಲನ್ನು ಕೊಡಲೇಬೇಕು. ಬೀಜಕ್ಕೆ 1983ರ ಬೀಜ ನಿಯಂತ್ರಣ ಆದೇಶದಲ್ಲಿ ಇದೇ ವಿಧಿಯುಂಟು. ಬಿಲ್ಲಿನಲ್ಲಿ ಸರಕಿನ ಹೆಸರು, ತೂಕ, ಚೀಲಗಳ ಸಂಖ್ಯೆ, ದರ, ತಾರೀಖು ಇವೆಯೇ ಎಂದು ಅಂಗಡಿಯಲ್ಲಿಯೇ ನೋಡಬೇಕು. ಬೀಜ ಮತ್ತು ಔಷಧಿಗಳಿಗೆ ಲಾಟಿನ ಅಥವಾ ಬ್ಯಾಚಿನ ಸಂಖ್ಯೆಯೂ ಇರಬೇಕು. ದರವನ್ನು ಚೀಲದ ಮೇಲೆ ಮುದ್ರಿಸಿರುವ ಗರಿಷ್ಠ ಬೆಲೆಯೊಡನೆ ಹೋಲಿಸಬೇಕು. ಬೀಜವು ಮೊಳೆಯದಿದ್ದಾಗ ಪರಿಹಾರ ಕೇಳಲು ಆಧಾರವಾಗುವುದೂ ಈ ಬಿಲ್ಲೇ.

ದೇಶದಾದ್ಯಂತ 2018ರಿಂದ ಸಹಾಯಧನದ ಗೊಬ್ಬರವನ್ನು ಯಂತ್ರದಲ್ಲಿ ಬೆರಳೊತ್ತಿ ಕೊಳ್ಳುವ ಪದ್ಧತಿಯು ಬಂದಿದೆ. ಬೆರಳೊತ್ತಿದ ಮೇಲೆ ಯಂತ್ರದಿಂದ ಬರುವ ಚೀಟಿಯನ್ನು ಪಡೆದು, ಅದರಲ್ಲಿ ಬರೆದಿರುವಷ್ಟೇ ಚೀಲಗಳು ಗಾಡಿಗೆ ಬಂದಿವೆಯೇ ಎಂದು ಎಣಿಸಬೇಕು. ಎರಡು ಚೀಲ ಕೊಂಡವನ ಹೆಸರಿನಲ್ಲಿ ಹತ್ತು ಚೀಲ ಬರೆದರೆ ಉಳಿದ ಎಂಟು ಕಾಳಸಂತೆಗೆ ಹೋದಾವು. ಬ್ಯಾಂಕಿನ ಹಣವನ್ನು ಸಹ ಬೆರಳೊತ್ತಿ ತೆಗೆಯಬಹುದಾದ ಯಂತ್ರಗಳು ಈಗ ಇರುವುದರಿಂದ, ಏತಕ್ಕೆಂದು ತಿಳಿಯದೆ ಯಾವ ಯಂತ್ರದ ಮೇಲೂ ಬೆರಳಿಡಬಾರದು.

ವಿದ್ಯುತ್ತಿನ ಹೆಸರಿನಲ್ಲಿ ನಡೆಯುವ ಮೋಸ ಬೇರೊಂದು. “ಬಿಲ್ಲು ಕಟ್ಟಿಲ್ಲ, ಈ ರಾತ್ರಿ ಸಂಪರ್ಕ ತೆಗೆಯುತ್ತೇವೆ, ಈ ಸಂಖ್ಯೆಗೆ ಕರೆ ಮಾಡಿ” ಎಂಬ ಸಂದೇಶಗಳು ಮೊಬೈಲಿಗೆ ಬರುತ್ತವೆ. ಅದರಲ್ಲಿ ಹೇಳಿದ ಸಂಖ್ಯೆಗೆ ಕರೆ ಮಾಡದೆ, ಹಳೆಯ ಬಿಲ್ಲಿನಲ್ಲಿ ಮುದ್ರಿಸಿರುವ ಕಚೇರಿಯಲ್ಲಿ ವಿಚಾರಿಸಬೇಕು. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಸೆಟ್ಟುಗಳಿಗೆ ವಿದ್ಯುತ್ತು ಉಚಿತ. ಅಂಥ ಪಂಪಿನ ತಿಂಗಳ ಬಿಲ್ಲೆಂದು ಹೇಳಿ ಕೈಗೆ ಹಣ ಕೇಳುವವನನ್ನು ಕಚೇರಿಗೆ ಕರೆದೊಯ್ದು ವಿಚಾರಿಸುವುದೇ ಸರಿ.

ಮನೆಯಲ್ಲಿರಬೇಕಾದ ಕಾಗದಗಳು

ಪ್ರತಿಯೊಬ್ಬ ರೈತನ ಮನೆಯಲ್ಲಿಯೂ ಬೀಜಕ್ಕೆ ಒಂದು ಮಡಕೆ ಇರುವಂತೆ ಕಾಗದಕ್ಕೆ ಒಂದು ತಗಡಿನ ಪೆಟ್ಟಿಗೆ ಇರತಕ್ಕದ್ದು. ಅದರಲ್ಲಿ ಈ ಕೆಳಗಿನವು ಇರಬೇಕು:

(ಅ) ಪಡೆದ ಪ್ರತಿಯೊಂದು ಸಾಲದ ಪತ್ರದ ಪ್ರತಿ ಮತ್ತು ಬಡ್ಡಿಯ ಷರತ್ತು;
(ಆ) ಕೊಟ್ಟ ಪ್ರತಿಯೊಂದು ಹಣದ ರಸೀತಿ. ಪ್ರೋನೋಟಾದರೆ ಅದರ ಹಿಂಬದಿಯಲ್ಲಿಯೇ ಪಾವತಿಯ ಷರಾ ಬರೆಯಿಸಿ, ಸಾಲ ಕೊಟ್ಟವನ ರುಜು ಪಡೆದು, ಛಾಯಾಚಿತ್ರ ತೆಗೆದಿಡಬೇಕು;
(ಇ) ತೀರಿದ ಸಾಲದ ಮೂಲಪತ್ರ, “ಪೂರ್ಣ ಸಂದಾಯವಾಗಿದೆ” ಎಂಬ ಷರಾದೊಡನೆ. ಬ್ಯಾಂಕಾದರೆ ಬಾಕಿಯಿಲ್ಲವೆಂಬ ಪತ್ರ, ಮತ್ತು ಪಹಣಿಯಲ್ಲಿ ಬರೆದಿದ್ದ ಸಾಲದ ನಮೂದು ತೆಗೆದುಹಾಕಲ್ಪಟ್ಟ ಹೊಸ ಪಹಣಿ;
(ಈ) ಗೊಬ್ಬರ, ಬೀಜ, ಔಷಧಿ, ಪಂಪು, ಟ್ರಾಕ್ಟರುಗಳ ಬಿಲ್ಲುಗಳು;
(ಉ) ಒಂದು ಸಾದಾ ನೋಟುಪುಸ್ತಕ. ಅದರಲ್ಲಿ ಪಡೆದದ್ದು, ಕೊಟ್ಟದ್ದು, ತಾರೀಖು, ಹತ್ತಿರವಿದ್ದವರ ಹೆಸರು.

ಬರೆಯಲು ಬಾರದವರು ಶಾಲೆಗೆ ಹೋಗುವ ಮಗನಿಂದಲೋ ಮಗಳಿಂದಲೋ ಬರೆಯಿಸಬಹುದು. ಪೆಟ್ಟಿಗೆಯು ಎಲ್ಲಿದೆ, ಅದರಲ್ಲಿ ಏನಿದೆ ಎಂಬುದು ಮನೆಯೊಡತಿಗೆ ತಿಳಿದಿರಲೇಬೇಕು. ಯಜಮಾನನು ತೀರಿಕೊಂಡ ಮೇಲೆ ಬರುವ ಸುಳ್ಳು ಲೆಕ್ಕಕ್ಕೆ ಉತ್ತರ ಹೇಳಬೇಕಾದವಳು ಅವಳೇ. ಸಾಧ್ಯವಿದ್ದ ಮಟ್ಟಿಗೆ ಹಣವನ್ನು ಕೈಯಲ್ಲಿ ಕೊಡದೆ ಬ್ಯಾಂಕಿನ ಮೂಲಕ ಕೊಟ್ಟರೆ ಬ್ಯಾಂಕಿನ ಪುಸ್ತಕವೇ ಸಾಕ್ಷಿಯಾಗುವುದು. ತನ್ನ ಹೆಸರಿನಲ್ಲಿ ಯಾವ ಯಾವ ಸಂಸ್ಥೆಗಳಲ್ಲಿ ಸಾಲವಿದೆಯೆಂದು ತೋರಿಸುವ ವರದಿಯನ್ನು ಸಾಲಮಾಹಿತಿ ಕಂಪನಿಗಳಿಂದ ವರ್ಷಕ್ಕೊಂದಾವರ್ತಿ ಉಚಿತವಾಗಿ ಪಡೆಯಬಹುದು. ತಿಳಿಯದೆ ಹೊತ್ತ ಜಾಮೀನು, ಬೇರೊಬ್ಬರು ತನ್ನ ಹೆಸರಿನಲ್ಲಿ ಎತ್ತಿದ ಸಾಲ ಇವು ಅದರಲ್ಲಿ ಕಾಣಬರುವುವು.

ದೂರು ಕೊಡುವ ಕ್ರಮ

2025ರ ಆರಂಭದಲ್ಲಿ, ಕಿರುಸಾಲದ ವಸೂಲಿಯ ಕಾಟಕ್ಕೆ ಅಂಜಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟುಹೋದ ಸುದ್ದಿಗಳೂ, ಪ್ರಾಣ ಕಳೆದುಕೊಂಡವರ ಸುದ್ದಿಗಳೂ ಕರ್ನಾಟಕದ ಹಲವು ಜಿಲ್ಲೆಗಳಿಂದ ಬಂದವು. ಇದರ ಮೇಲೆ ಅದೇ ವರ್ಷದ ಫೆಬ್ರವರಿ ತಿಂಗಳಲ್ಲಿ ಕಿರುಸಾಲ ಮತ್ತು ಸಣ್ಣ ಸಾಲಗಳ ವಸೂಲಿಯಲ್ಲಿ ಬಲವಂತವನ್ನು ತಡೆಯುವ ಸುಗ್ರೀವಾಜ್ಞೆಯು ಹೊರಟು, ಮುಂದೆ ಕಾಯಿದೆಯಾಯಿತು. ಹಿಂಸೆ, ಅವಮಾನ, ಬೆದರಿಕೆ, ಮನೆಯವರನ್ನು ಹಿಂಬಾಲಿಸುವುದು, ಕಾಗದಪತ್ರಗಳನ್ನು ಬಲಾತ್ಕಾರವಾಗಿ ಕಸಿಯುವುದು ಇಂತಹ ಕೃತ್ಯಗಳಿಗೆ 10 ವರ್ಷಗಳವರೆಗೆ ಸೆರೆವಾಸವನ್ನೂ 5 ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ಅದು ವಿಧಿಸುತ್ತದೆ. ಪೊಲೀಸರು ಇಂತಹ ದೂರನ್ನು ನಿರಾಕರಿಸುವಂತಿಲ್ಲ. ಮಿತಿ ಮೀರಿದ ಬಡ್ಡಿಯನ್ನು ಪಡೆಯುವುದು 2004ರ ಕರ್ನಾಟಕ ಕಾಯಿದೆಯಂತೆ ಪ್ರತ್ಯೇಕವಾದ ಅಪರಾಧ. ಸುಳ್ಳು ಪತ್ರ ಸೃಷ್ಟಿಸುವುದೂ, ಸರ್ಕಾರಿ ನೌಕರನ ವೇಷ ಧರಿಸುವುದೂ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಂತೆ ಶಿಕ್ಷಾರ್ಹ.

ದೂರನ್ನು ಬರೆವಣಿಗೆಯಲ್ಲಿ ಕೊಟ್ಟು, ಅದಕ್ಕೆ ಸ್ವೀಕೃತಿಯನ್ನು ಪಡೆಯಬೇಕು. ಬಂದವನ ಹೆಸರು, ವಾಹನದ ಸಂಖ್ಯೆ, ಬಂದ ಹೊತ್ತು, ಆಡಿದ ಮಾತು, ಹತ್ತಿರವಿದ್ದವರು ಇವಿಷ್ಟನ್ನು ಅದೇ ದಿನ ಬರೆದಿಟ್ಟರೆ ದೂರಿಗೆ ಬಲ ಬರುವುದು. ಬ್ಯಾಂಕು ಅಥವಾ ರಿಜರ್ವ್ ಬ್ಯಾಂಕಿನ ಅಧೀನದ ಹಣಕಾಸು ಸಂಸ್ಥೆಯ ವಿಷಯವಾದರೆ ಮೊದಲು ಆ ಸಂಸ್ಥೆಗೆ ಬರೆದು, 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರವು ಸಮರ್ಪಕವಾಗಿಲ್ಲದಿದ್ದರೆ ರಿಜರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ಬರೆಯಬಹುದು. ಇದಕ್ಕೆ ಸಹಾಯದ ಸಂಖ್ಯೆ 14448. ದೂರವಾಣಿಯ ಮೂಲಕ ಹಣ ಹೋದರೆ ಒಂದು ಗಳಿಗೆಯೂ ತಡಮಾಡದೆ 1930ಕ್ಕೆ ತಿಳಿಸಬೇಕು. ಹಣವು ಕೈಯಿಂದ ಕೈಗೆ ದಾಟುವ ಮೊದಲು ತಡೆಯಲು ಅಲ್ಲಿ ಪ್ರಯತ್ನಿಸುತ್ತಾರೆ.

ಗ್ರಾಮದ ಮುಖಂಡರ ಕರ್ತವ್ಯ

ಕಳ್ಳ ವಸೂಲಿದಾರನ ಬಲವೆಲ್ಲವೂ ಸಾಲಗಾರನ ನಾಚಿಕೆಯಲ್ಲಿದೆ. ನಾಲ್ಕು ಜನರ ಮುಂದೆ ಮಾನ ಹೋಗುವುದೆಂಬ ಭಯದಿಂದ ರೈತನು ಒಬ್ಬನೇ ನರಳುತ್ತಾನೆ. ಒಬ್ಬನೇ ಇರುವಾಗ ರುಜು ಹಾಕುತ್ತಾನೆ. ಒಬ್ಬನೇ ಇರುವಾಗ ಪ್ರಾಣದ ಮೇಲಿನ ಆಸೆಯನ್ನೂ ಬಿಡುತ್ತಾನೆ. ಈ ಒಂಟಿತನವನ್ನು ಹೋಗಲಾಡಿಸಲು ಊರಿನ ಹಿರಿಯರಿಗೆ ಸಾಧ್ಯ. ಸಾಲದ ಮಾತನ್ನು ಬಾಗಿಲ ಮುಂದೆ ಆಡದೆ, ಹಗಲು ಹೊತ್ತಿನಲ್ಲಿ, ಊರಿನ ಇಬ್ಬರು ಹಿರಿಯರ ಸಮಕ್ಷಮದಲ್ಲಿ, ಲೆಕ್ಕದ ಕಾಗದವನ್ನು ಮುಂದಿಟ್ಟುಕೊಂಡು ಆಡತಕ್ಕದ್ದೆಂಬ ವಾಡಿಕೆಯನ್ನು ಒಂದು ಗ್ರಾಮವು ಇಟ್ಟುಕೊಂಡರೆ ಸಾಕು; ನಿಜವಾದ ಸಾಲಿಗನು ಅದಕ್ಕೆ ಒಪ್ಪುವನು, ಸುಳ್ಳುಗಾರನು ಆ ಊರಿನ ದಾರಿಯನ್ನು ಬಿಡುವನು. ಸಾವು ಸಂಭವಿಸಿದ ಮನೆಯಲ್ಲಿ ಉತ್ತರಕ್ರಿಯೆಗಳು ಮುಗಿಯುವವರೆಗೆ ಯಾರೂ ಯಾವ ಪತ್ರಕ್ಕೂ ರುಜು ಹಾಕದಂತೆ ನೋಡಿಕೊಳ್ಳುವುದೂ ಹಿರಿಯರ ಕೆಲಸವೇ. ಆದರೆ ಬಂದವನನ್ನು ಕೂಡಿಹಾಕುವುದು, ಹೊಡೆಯುವುದು ಕೂಡದು. ಹಾಗೆ ಮಾಡಿದರೆ ಸುಳ್ಳುಗಾರನು ಫಿರ್ಯಾದಿಯಾಗಿ, ನೊಂದವನು ಆರೋಪಿಯಾಗುವನು.

ಸುಳ್ಳು ಸಾಲದ ಬಾಗಿಲನ್ನು ಮುಚ್ಚುವುದಕ್ಕೆ ನ್ಯಾಯದ ಸಾಲದ ಬಾಗಿಲನ್ನು ತೆರೆಯುವುದೂ ಅವಶ್ಯಕ. ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರಿನವರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. 1904ರ ಸಹಕಾರ ಕಾಯಿದೆಯಂತೆ ದೇಶದಲ್ಲಿಯೇ ಮೊದಲನೆಯದೆಂದು ಅದು ಹೆಸರಾಗಿದೆ. ಇಂತಹ ಸಂಘದಲ್ಲಿ ಸಾಲ ಕೊಡುವವರೂ ಪಡೆಯುವವರೂ ಒಂದೇ ಊರಿನವರು. ಲೆಕ್ಕದ ಪುಸ್ತಕವು ಎಲ್ಲರ ಕಣ್ಣಮುಂದಿರುತ್ತದೆ. ಊರಿನ ಸಂಘದ ಲೆಕ್ಕವನ್ನು ವರ್ಷಕ್ಕೊಂದಾವರ್ತಿ ಮಹಾಸಭೆಯಲ್ಲಿ ಗಟ್ಟಿಯಾಗಿ ಓದಿಸುವ ಮುಖಂಡನು ಸಾಹುಕಾರರನ್ನು ಬೈಯುವ ಮುಖಂಡನಿಗಿಂತ ರೈತರಿಗೆ ಹೆಚ್ಚಿನ ಉಪಕಾರ ಮಾಡಿದವನಾಗುತ್ತಾನೆ.

ಮೇಲೆ ಹೇಳಿದ ಸಂಗತಿಗಳನ್ನು ಮೂರು ಮಾತಿನಲ್ಲಿ ಅಡಗಿಸಬಹುದು. ಕೇಳಿದವನಿಂದ ಕಾಗದವನ್ನು ಕೇಳಬೇಕು. ಕೊಟ್ಟದ್ದಕ್ಕೆ ರಸೀತಿಯನ್ನು ಪಡೆಯಬೇಕು. ಓದದ ಕಾಗದಕ್ಕೂ ಬರೆಯದ ಕಾಗದಕ್ಕೂ ರುಜು ಹಾಕಕೂಡದು. ಈ ಸುಗ್ಗಿಯ ಹಣವು ಮನೆಗೆ ಬರುವುದಕ್ಕೆ ಮುಂಚೆಯೇ ಗ್ರಾಮದ ಮುಖಂಡರು ಒಂದು ಸಂಜೆ ಜನರನ್ನು ಸೇರಿಸಿ ಇವುಗಳನ್ನು ಓದಿ ಹೇಳಿ, ಪ್ರತಿಯೊಬ್ಬರ ಮನೆಯಲ್ಲಿಯೂ ಕಾಗದದ ಪೆಟ್ಟಿಗೆಯು ಸಿದ್ಧವಾಗುವಂತೆ ಮಾಡುವುದು ಅವಶ್ಯಕ.